ನಿನ್ನ ಮೈಕಿನಲ್ಲಿ ಬಂದ ಆ ಇಂಗ್ಲಿಷು

ಎರ್ರಿಸ್ವಾಮಿ ಮಾಮಾ,

ನೀನು ನಮ್ಮೂರಿಗೆ ಮೋಸ ಮಾಡಿ ಹೋದೆ. ಸತ್ತವರನ್ನು ಬೈಯಬಾರದು ಎಂದು ಅವ್ವ ನನ್ನ ಬಾಯಿ ಮುಚ್ಚಿಸುತ್ತಾಳೆ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನನ್ನು ಮಣ್ಣು ಮಾಡಿ ಬಂದ ಮರುತಿಂಗಳೇ, ಬಳ್ಳಾರಿಯಿಂದ ಕುರುಗೋಡಿನ ಮೇಲೆ ನಮ್ಮೂರು ದಾಟಿ ಸಿರುಗುಪ್ಪಕ್ಕೆ ಹೋಗುತ್ತಿದ್ದ ಸಂಜೆ ಏಳರ ಬಸ್ಸು ನಿಂತುಹೋಯಿತು. ಅಲ್ಲ, ನಿಲ್ಲಿಸಿದರು. ನಿಲ್ಲಿಸುತ್ತೇವೆ ಎಂದು ಮೊದಲೇ ಓಣಿ ಓಣಿಯಲ್ಲಿ ಸಾರಿಯೂ ಇದ್ದರು. ಸಾರಿದ್ದು ನಿನ್ನ ಆಟೊ, ನಿನ್ನ ಮೈಕು. ಅಷ್ಟು ಸಲ ತಿರುಗಿದೆಯಲ್ಲ, ನಮ್ಮಲ್ಲಿ ಒಬ್ಬರಿಗಾದರೂ ಅದು ತಿಳಿಯಿತೇನು?

ಸಾಲಿ ರಜೆಯಲ್ಲಿ ನಾನು ಆ ಆಟೊದ ಹಿಂದಿನ ಸೀಟಿನಲ್ಲಿ ಕೂತು ಕರಪತ್ರ ಹಂಚುತ್ತಿದ್ದೆ, ನೆನಪಿದೆಯಾ? ಕಣ್ಣಿನ ಕ್ಯಾಂಪು, ಹತ್ತಿ ಬೀಜ, ಕೂಲಿಯವರ ಮೆರವಣಿಗೆ, ಸೀರೆ ಅಂಗಡಿ. ‘ಓದಬ್ಯಾಡಲೇ, ಹಂಚು!’ ಎಂದು ನೀನು ಮುಂದಿನಿಂದ ಒದರುತ್ತಿದ್ದೆ. ನಾನು ಒಂದೊಂದರಲ್ಲಿ ಒಂದನ್ನು ಲಂಗದೊಳಗೆ ಮುಚ್ಚಿಟ್ಟುಕೊಂಡು ಮನೆಗೆ ಒಯ್ದು ಓದುತ್ತಿದ್ದೆ. ಇವತ್ತು ನನಗೆ ಇಷ್ಟು ಸಿಟ್ಟು ಬರುತ್ತದೆ ಎಂದರೆ ಅದಕ್ಕೆ ಅರ್ಧ ಕಾರಣ ಆ ಹಾಳೆಗಳು, ಇನ್ನರ್ಧ ನೀನು.

ರಾರಾವಿಯಲ್ಲಿ ಒಂದು ದಿನ ನಿನ್ನ ಕೈಗೆ ಒಂದು ಕಾಗದ ಕೊಟ್ಟಿದ್ದರು. ‘ಬೆನಿಫಿಶಿಯರಿ ವೆರಿಫಿಕೇಶನ್ ಡ್ರೈವ್’ ಎಂದು ಅದರ ತಲೆಯ ಮೇಲಿತ್ತು. ನೀನು ಯಾವ ಕಾಗದವನ್ನೂ ನೇರವಾಗಿ ಮೈಕಿಗೆ ಹಾಕುತ್ತಿರಲಿಲ್ಲ. ಮೊದಲು ಯಾರಾದರೊಬ್ಬ ಚಾದಂಗಡಿಯವನಿಗೆ ಹೇಳಿ ನೋಡುತ್ತಿದ್ದೆ. ಅವನು ‘ಅದಕ್ಕ ನಾ ಏನ್ ಮಾಡ್ಲಿ?’ ಎಂದು ಕೇಳಿದರೆ, ‘ಇನ್ನಾ ಬೆಂದಿಲ್ಲ ಇದು’ ಎಂದು ಮತ್ತೆ ಒಂದು ಚಾ ಕುಡಿದು ಬೇರೆ ರೀತಿ ಹೇಳುತ್ತಿದ್ದೆ. ಅವತ್ತು ಬೆಂದ ಮೇಲೆ ಹೀಗೆ ಕೂಗಿದೆ: ‘ಪಿಂಚಣಿ ತಗೊಳೋ ಹಿರೇರೆಲ್ಲ ಆಧಾರ್ ಕಾರ್ಡ್ ಹಿಡ್ಕೊಂಡು ನಾಳಿ ಚಾವಡಿಗೆ ಬರ್ರಿ. ಬರ್ಲಿಲ್ಲಂದ್ರ ಸತ್ತೀರಿ ಅಂತ ಬರ್ಕೊಂತಾರ!’ ಮುದುಕರೆಲ್ಲ ಬಿದ್ದು ಎದ್ದು ಬಂದರು. ಕಾಗದ ಕೊಟ್ಟ ಸಾಹೇಬರು ಕೆಂಡವಾಗಿದ್ದರು.

‘ಲೇ, ಸತ್ತೀರಿ ಅಂತ ಬರ್ಕೊಂತಾರಂತ ಎಲ್ಲಿ ಐತೋ ಇದರಾಗ?’

‘ಇದರಾಗ ಇಲ್ರಿ ಸಾಹೇಬ್ರ. ಆದ್ರ ಬರ್ಕೊಂತೀರಲ್ಲ?’

ನೀನು ಮೀಸೆ ತಿರುವಿ ನನ್ನ ಕಡೆ ಕಣ್ಣು ಹೊಡೆದೆ. ನೀನೇನು ಸಂತನಲ್ಲ ಬಿಡು. ಚುನಾವಣೆ ಬಂದರೆ ಬೆಳಿಗ್ಗೆ ಕೊಳಗಲ್ಲಿನಲ್ಲಿ ಒಂದು ಪಕ್ಷಕ್ಕೆ ಜೈ, ಸಂಜೆ ಅದೇ ಗಂಟಲಿನಿಂದ ಇನ್ನೊಂದಕ್ಕೆ. ಆದರೂ ನಿನ್ನ ಮೈಕು ಹೇಳಿದ್ದು ಹತ್ತೂರಿಗೆ ತಿಳಿಯುತ್ತಿತ್ತು. ಅದು ಕಮ್ಮಿಯದೇನು?

ಹೋದ ವರ್ಷ ಕಾಗದದ ಬದಲು, ಸಾರುವ ಮಾತೆಲ್ಲ ಮೊದಲೇ ತುಂಬಿದ ಪೆನ್‌ಡ್ರೈವ್ ಬಂತು. ನಿನ್ನ ಗಂಟಲು ಅಷ್ಟೊತ್ತಿಗೆ ಕೆಟ್ಟಿತ್ತು, ನನಗೆ ಗೊತ್ತು. ಹಿಂದೆ ವೀಣೆ ಬಾರಿಸುತ್ತ, ಮುಂದೆ ಯಾವುದೋ ಹೆಣ್ಣು ದನಿ ಜೇನು ಸುರಿದ ಹಾಗೆ: ‘ರೂಟ್ ರ‍್ಯಾಷನಲೈಸೇಶನ್ ಹಾಗೂ ಲಾಸ್ಟ್ ಮೈಲ್ ಕನೆಕ್ಟಿವಿಟಿ ಅಡಿಯಲ್ಲಿ ತಮ್ಮ ಗ್ರಾಮಕ್ಕೆ ಡಿಮ್ಯಾಂಡ್ ಬೇಸ್ಡ್ ಸರ್ವೀಸ್...’ ಅವ್ವ ಕಟ್ಟೆಯ ಮೇಲಿನಿಂದ ಕೇಳಿದಳು, ‘ಏನೋ ತಮ್ಮಾ, ಬಸ್ಸು ಹೆಚ್ಚಾಗ್ತಾವೇನು?’ ನೀನು ‘ಹಂಗ ಇರ್ಬೇಕಕ್ಕ’ ಎಂದೆ. ಇರಬೇಕು! ನಾನು ಆಟೊಕ್ಕೆ ಅಡ್ಡ ನಿಂತು, ‘ಮಾಮಾ, ಇದನ್ನ ಯಾವ ಚಾದಂಗ್ಡಿಯಾಗ ಹೇಳಿ ನೋಡಿದಿ?’ ಎಂದು ಕೇಳಿದೆ. ‘ದಾರಿ ಬಿಡವ್ವಾ. ದನಿ ಅವ್ರದು, ಮಾತು ಅವ್ರದು. ನಾ ಬರೇ ಡ್ರೈವರ್’ ಎಂದು ಗೇರು ಹಾಕಿದೆ. ಆ ಮಾತು ನಿನ್ನ ಬಾಯಿಂದ ಬರಬಾರದಿತ್ತು. ಕೂಗುವ ಗಂಟಲು ಹೋಗಿದ್ದರೂ ಮೆಲ್ಲಗಾದರೂ ಹೇಳಬಹುದಿತ್ತಲ್ಲ, ಇದು ನನಗೂ ತಿಳಿದಿಲ್ಲ ಅಂತ...

ಆಮೇಲೆ ಊರವರ ಅಭಿಪ್ರಾಯ ಕೇಳುತ್ತೇವೆ ಎಂದು ಕುರುಗೋಡಿನ ಒಂದು ಕಲ್ಯಾಣ ಮಂಟಪದಲ್ಲಿ ‘ಸ್ಟೇಕ್‌ಹೋಲ್ಡರ್ ಕನ್ಸಲ್ಟೇಶನ್’ ಆಯಿತು. ಸಿರುಗುಪ್ಪದ ಝೆರಾಕ್ಸ್ ಅಂಗಡಿಯ ಕೆಲಸ ಬಿಟ್ಟು ನನಗೆ ಹೋಗಲಾಗಲಿಲ್ಲ. ಬಸ್ಸು ಹೆಚ್ಚಾಗುತ್ತವೆ ಎಂದು ನಂಬಿ ಊರ ಮಂದಿ ಒಗೆದ ಅಂಗಿ ತೊಟ್ಟು ಹೋದರು. ಸಾಹೇಬರ ದನಿ ಏರಿದಲ್ಲೆಲ್ಲ ಚಪ್ಪಾಳೆ ಹೊಡೆದರು. ನಮ್ಮ ಕಡೆಯ ರೂಢಿ ನಿನಗೆ ಗೊತ್ತಲ್ಲ: ದೊಡ್ಡವರು ವೇದಿಕೆಯ ಮೇಲೆ ಗಂಟಲು ಹರಿದುಕೊಳ್ಳುವಾಗ ಕೈಕಟ್ಟಿ ಕೂತರೆ ಮರ್ಯಾದೆ ಅಲ್ಲ. ರೂಟ್ ರ‍್ಯಾಷನಲೈಸೇಶನ್ ಎಂದರು, ಚಪ್ಪಾಳೆ. ಫ್ಲೀಟ್ ಆಪ್ಟಿಮೈಸೇಶನ್ ಎಂದರು, ಇನ್ನೂ ಜೋರು ಚಪ್ಪಾಳೆ. ಅವ್ವ ಉಪ್ಪಿಟ್ಟು ತಿಂದು ಬಂದು, ‘ಭಾಳ ಚಲೋ ಮಾತಾಡಿದ್ರು’ ಎಂದಳು. ‘ಏನಂತ?’ ಎಂದರೆ, ‘ಅದ ಗೊತ್ತಾಗ್ಲಿಲ್ಲ’ ಎಂದಳು. ತಮ್ಮ ಬಸ್ಸನ್ನು ಕಸಿದುಕೊಳ್ಳುವವರಿಗೆ ಚಪ್ಪಾಳೆ ಹೊಡೆದು ಬಂದ ಊರು ಇನ್ನೆಲ್ಲಾದರೂ ಇದೆಯೇ ಮಾಮಾ?

ನಮ್ಮ ಪಕ್ಕದ ಮನೆಯ ಹುಲಿಗೆಮ್ಮ, ಚಿಕ್ಕವಳಿದ್ದಾಗ ನಿನ್ನ ಆಟೊದಲ್ಲಿ ನನ್ನ ತೊಡೆಯ ಮೇಲೆ ಕೂರುತ್ತಿದ್ದವಳು, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕೆಲಸಕ್ಕೆ ಸೇರಿದ್ದು ನಿನಗೆ ಗೊತ್ತು. ಏಳರ ಬಸ್ಸಿಗೇ ಬರುತ್ತಿದ್ದಳು. ಅದಕ್ಕೂ ಮೊದಲಿನ ಬಸ್ಸು ಅವಳ ಕೆಲಸ ಬಿಡುವ ಮುಂಚೆಯೇ ಹೊರಟುಬಿಡುತ್ತದೆ. ಅವಳಪ್ಪ, ‘ಕತ್ಲಾಗ ಯಾರ ಗಾಡಿ ಹತ್ತಿ ಬರ್ತಿ? ಸಾಕು, ಮನ್ಯಾಗ ಕೂಡು’ ಎಂದ. ಕೂತಿದ್ದಾಳೆ. ಕಾರ್ಖಾನೆಯ ಮಾಲೀಕ ಫೋನು ಮಾಡಿ, ತಿಂಗಳ ಕೊನೆಯವರೆಗೆ ಮಾತ್ರ ಅವಳ ಹೊಲಿಗೆ ಮಿಷನ್ ಅವಳಿಗೆ ಇಟ್ಟಿರುತ್ತೇನೆ, ಆಮೇಲೆ ಬೇರೆಯವರಿಗೆ ಎಂದ. ಅವಳು ನನ್ನ ಕರಪತ್ರಗಳ ಕಟ್ಟು ನೋಡಿ, ‘ಲೇ, ಇಷ್ಟ್ ಪಾಂಪ್ಲೆಟ್ ಓದೀಯಲ್ಲ, ಒಂದರಾಗಾದ್ರೂ ಬಸ್ ಬರತೈತೇನು ನೋಡು’ ಎಂದು ನಕ್ಕಳು. ಆ ನಗು ನನಗೆ ಚುಚ್ಚಿತು.

ಮರುದಿನ ಕುರುಗೋಡು ಬಸ್ ಸ್ಟ್ಯಾಂಡಿನ ಆಫೀಸಿಗೆ ಹೋಗಿ ಸಾಹೇಬರ ಮುಂದೆ ನಿಂತೆ.

‘ಸರ್, ಏಳರ ಬಸ್ ಯಾರು ನಿಲ್ಲಿಸಿದ್ರು?’

‘ಯಾರೂ ನಿಲ್ಲಿಸಿಲ್ಲಮ್ಮ. ರ‍್ಯಾಷನಲೈಸೇಶನ್ ಆಗೇತಿ.’

‘ಅವ್ರು ಯಾವ ರೂಮಿನಾಗ ಕೂಡ್ತಾರ ಸರ್?’

ಮೂಲೆಯ ಗುಮಾಸ್ತರೊಬ್ಬರು ಕಿಸಕ್ಕೆಂದರು. ಸಾಹೇಬರು ನಗಲಿಲ್ಲ. ‘ನಿಮ್ಮೂರೋರು ಚಪ್ಪಾಳಿ ಹೊಡದು ಒಪ್ಪಿದ ಪಾಲಿಸಿ ಇದು. ಫೋಟೊ ಐತಿ, ತೋರಿಸ್ಲೇನು?’ ಎಂದರು.

ಇಂಗ್ಲಿಷಿನ ಮೇಲೆ ನನಗೆ ಹಗೆಯಿಲ್ಲ. ಬಸ್ಸು, ಟಿಕೆಟ್ಟು, ಕಂಡಕ್ಟರು, ಪಂಪ್‌ಸೆಟ್ಟು ಎಲ್ಲ ನಮ್ಮ ಮನೆಯ ಮಾತುಗಳೇ ಆಗಿವೆ. ಬಸ್ಸು ಎಂದರೆ ಬಸ್ಸು ಬರುತ್ತದೆ, ಹತ್ತಬಹುದು. ಲಾಸ್ಟ್ ಮೈಲ್ ಕನೆಕ್ಟಿವಿಟಿ ಎಂದರೆ ಏನನ್ನು ಹತ್ತಲಿ? ಗಡಿಗೆ ಒಡೆದರೆ ಅವ್ವ ‘ಯಾರು ಒಡದ್ರು?’ ಎಂದು ಕೇಳುತ್ತಾಳೆ. ‘ಪಾಟ್ ಬ್ರೇಕೇಜ್ ಆಗೇತವ್ವ’ ಎಂದರೆ ಪೊರಕೆ ಹಿಡಿದು ಬರುತ್ತಾಳೆ. ಸರಕಾರದ ಮುಂದೆ ಮಾತ್ರ ನಾವು ಯಾಕೆ ಪೊರಕೆ ಕೆಳಗಿಡುತ್ತೇವೆ? ಕೆಟ್ಟ ಕೆಲಸಕ್ಕೆ ಒಂದು ಉದ್ದನೆಯ ಹೆಸರಿಟ್ಟರೆ ಸಾಕು, ಮಾಡಿದವನು ಅದರ ಹಿಂದೆ ಅಡಗಿ ಕೂರುತ್ತಾನೆ. ಕಳೆದುಕೊಂಡವಳಂತೂ ಅದರಲ್ಲಿ ಇರುವುದೇ ಇಲ್ಲ.

ನಮ್ಮವರೂ ಕಮ್ಮಿಯಿಲ್ಲ. ಬಳ್ಳಾರಿಯಲ್ಲಿ ನಾನು ಸೇರಿಕೊಂಡಿರುವ ಸಂಘಟನೆಯ ಮಂಜುನಾಥ ಬಸ್ಸಿಗಾಗಿ ಮನವಿಪತ್ರ ಬರೆದುಕೊಟ್ಟ. ‘ಜೆಂಡರ್ ಇನ್‌ಕ್ಲೂಸಿವ್ ಮೊಬಿಲಿಟಿಯ ನಿರಾಕರಣೆ’ ಎಂದು ಶುರುವಾಗಿತ್ತು. ‘ಇದರಾಗ ಹುಲಿಗೆಮ್ಮ ಎಲ್ಲದಾಳಣ್ಣ?’ ಎಂದು ಕೇಳಿದೆ. ‘ಅವರ ಭಾಷೆಯೊಳಗ ಬರದ್ರನ ಅವರಿಗೆ ನಾಟತೈತಿ’ ಎಂದ. ಸುಳ್ಳು. ಅವರ ಭಾಷೆಯಲ್ಲಿ ಬರೆದರೆ ಅವರಿಗೆ ನಿದ್ದೆ ಬರುತ್ತದೆ. ಅದನ್ನು ನಾಲ್ಕು ತುಂಡು ಮಾಡಿ ಅವನ ಮೇಜಿನ ಮೇಲೇ ಇಟ್ಟು ಬಂದೆ. ಈಗ ಅವನು ನನ್ನ ಜೊತೆ ಮಾತು ಬಿಟ್ಟಿದ್ದಾನೆ.

ಮೊನ್ನೆ ಅತ್ತೆಯ ಹತ್ತಿರ ನಿನ್ನ ಆಟೊದ ಕೀಲಿ ಕೇಳಲು ಹೋದೆ. ‘ಹೆಣ್ಮಕ್ಳು ಮೈಕ್ ಹಿಡ್ಕೊಂಡು ತಿರುಗಿದ್ರ ಮಂದಿ ಏನಂತಾರ?’ ಎಂದಳು. ‘ಮೂರ್ ದಿನ ಅಂತಾರ, ನಾಕನೇ ದಿನ ಕೇಳ್ತಾರ’ ಎಂದೆ. ‘ನಿಮ್ಮ ಮಾಮನಂಗ ನಾಲಿಗಿ ಉದ್ದ’ ಎಂದು ಬೈದು, ಕೀಲಿಯನ್ನು ಕೈಗೆ ಕೊಡದೆ ಕಟ್ಟೆಯ ಮೇಲೆ ಇಟ್ಟು ಒಳಗೆ ಹೋದಳು. ನಾನು ಎರಡು ಹಾಳೆ ಬಿಸಿಬಿಸಿ ಭಾಷಣ ಬರೆದುಕೊಂಡಿದ್ದೆ. ಹುಲಿಗೆಮ್ಮ ಓದಿದಳು, ಮಡಚಿ ನನಗೇ ಕೊಟ್ಟಳು. ‘ಹೋಗಿದ್ದು ನನ್ನ ಕೆಲಸ. ನಾ ಹೇಳ್ತೀನಿ, ನೀ ಗಾಡಿ ನಡ್ಸು.’ ಅವಳಪ್ಪ ಅಂಗಳದಲ್ಲೇ ನಿಂತಿದ್ದ. ಅವಳು ಆಟೊ ಹತ್ತಿದಳು.

ನಿನಗೆ ಗೊತ್ತಿಲ್ಲದ ಸುದ್ದಿ ಇದೇ ಮಾಮಾ. ನಿನ್ನೆಯಿಂದ ನಿನ್ನ ಮೈಕಿನಲ್ಲಿ ಹುಲಿಗೆಮ್ಮನ ದನಿ ತಿರುಗುತ್ತಿದೆ. ಮೊದಲ ಓಣಿಯಲ್ಲಿ ನಡುಗಿತು, ಎರಡನೆಯದರಲ್ಲಿ ಗಟ್ಟಿಯಾಯಿತು. ಅವಳು ಹೇಳುವುದು ಇಷ್ಟೇ: ‘ಏಳರ ಬಸ್ ನಿಲ್ಲಿಸ್ಯಾರ. ನನ್ನ ಕೆಲಸ ಹೋಗಾಕ ಹತ್ತೇತಿ. ಯಾರು ನಿಲ್ಲಿಸಿದ್ರು, ಯಾವತ್ತು ಬಿಡ್ತಾರ, ಅವರ ಬಾಯಿಂದ ಕೇಳಾಕ ಹೊಂಟೀವಿ. ಉತ್ರ ಕೊಡೋತನಕ ಅಲ್ಲಿಂದ ಏಳಂಗಿಲ್ಲ. ಸೋಮವಾರ ಮುಂಜಾನಿ ಹತ್ತಕ್ಕ, ಕುರುಗೋಡು ಬಸ್ ಸ್ಟ್ಯಾಂಡಿಗೆ ಬರ್ರಿ.’