ದರ್ಜಿ ತಾತನ ನಿದ್ದೆಯ ಪುಸ್ತಕ

ಅಮ್ಮಾ,

ನೀನು ಹೋಗಿ ಎಂಟು ತಿಂಗಳಾಯ್ತು. ಇವತ್ತು ನಡೆದಿದ್ದನ್ನ ಬೇರೆ ಯಾರಿಗೂ ಹೇಳೋಕೆ ಬಾಯಿ ಬರ್ತಿಲ್ಲ.

ವಯಸ್ಸಾದವರಿಗೆ ಮಾತ್ರೆಯಿಲ್ಲದೆ ನಿದ್ದೆ ಅಭ್ಯಾಸ ಮಾಡಿಸೋದು ನನ್ನ ಕೆಲಸ ಅಲ್ವಾ? ಹಗಲು ಮಲಗಬೇಡಿ, ಸಂಜೆ ನಡೀರಿ, ನಿದ್ದೆ ಬರದಿದ್ರೆ ಹಾಸಿಗೆ ಬಿಟ್ಟು ಏಳಿ, ಎಲ್ಲಾನೂ ದಿನಾ ಪುಸ್ತಕದಲ್ಲಿ ಬರೀರಿ ಅಂತೀನಿ. ಎರಡು ವಾರದ ಹಿಂದೆ ನನ್ನ ಹತ್ರ ಬಂದಿದ್ದ ದರ್ಜಿ ತಾತ ಇವತ್ತು ತಮ್ಮ ಪುಸ್ತಕ ತಂದಿದ್ರು. ಹದಿನಾಲ್ಕು ದಿನವೂ ಹತ್ತೂವರೆಗೆ ನಿದ್ದೆ, ಐದಕ್ಕೆ ಎಚ್ಚರ. ನಾನು ಹಿಗ್ಗಿ ಹೀರೇಕಾಯಿಯಾದೆ.

ಪಕ್ಕದಲ್ಲಿ ಕೂತಿದ್ದ ಅವರ ಹೆಂಡತಿಗೆ ತಡೆಯೋಕಾಗಲಿಲ್ಲ. "ಎಲ್ಲಾ ಇವತ್ತು ಬೆಳಗ್ಗೆ ಒಂದೇ ಸಲ ಕೂತು ಬರೆದಿದ್ದು ಕಣಮ್ಮ. ಇವರು ಕಣ್ಣೇ ಮುಚ್ಚಲ್ಲ. ಪಾಪ, ಆ ಹುಡುಗಿ ಇಷ್ಟು ಕಷ್ಟಪಡ್ತಾಳೆ, ಅವಳಿಗೆ ಬೇಜಾರಾಗ್ಬಾರ್ದು ಅಂದ್ರು."

ನಾನು ಪೆನ್ನು ಕೆಳಗಿಟ್ಟೆ. ನಿನಗೂ ಇದೇ ಪಾಠ ಹೇಳಿ, ದಿನಾ ಬೆಳಗ್ಗೆ ಫೋನ್ ಮಾಡಿ ಕೇಳ್ತಿದ್ದೆ. "ಗಡದ್ದಾಗಿ ನಿದ್ದೆ ಬಂತು ಕಣೇ" ಅಂತ ನೀನು ಹೇಳ್ತಿದ್ದೆ. ಸರಿ ಅಂತ ನಾನು ಫೋನ್ ಇಟ್ಟುಬಿಡ್ತಿದ್ದೆ.

"ತಾತ, ನಿಜ ಹೇಳಿ, ನಿನ್ನೆ ಎಷ್ಟು ಹೊತ್ತು ನಿದ್ದೆ ಬಂತು?" ಅಂದೆ. ಅವರು ನನ್ನ ಮುಖ ನೋಡಿದ್ರು. ಕಣ್ಣಲ್ಲಿ ನೀರು ಕಂಡಿತೇನೋ, ಮೆಲ್ಲಗೆ ನನ್ನ ಕೈ ಸವರಿ, "ಅಳಬೇಡ ಮಗಳೇ, ಇವತ್ತು ಖಂಡಿತ ನಿದ್ದೆ ಮಾಡ್ತೀನಿ" ಅಂದ್ರು.