ಅಜ್ಜಿ ಯಾವ ದೇಶದವಳು?

ಡುಡ್‌ವೈಲರ್, ಸಾರ್ ಸೀಮೆ
೩೦ ಅಕ್ಟೋಬರ್ ೧೯೫೫, ಭಾನುವಾರ

ಮುದ್ದಿನ ಓಟೀಲಿಯಾ,

ನಿನಗೂ ಅಳಿಯಂದಿರಿಗೂ ಪುಟ್ಟ ಈವೆಟ್‌ಗೂ ನನ್ನ ಪ್ರೀತಿ. ಮೂರು ವಾರದಿಂದ ಕಾಗದವಿಲ್ಲವೆಂದು ಮುನಿಸಿಕೊಳ್ಳಬೇಡ. ನಿಮ್ಮ ಫ್ರಾನ್ಸಿನ ಶಾಲೆಯಲ್ಲಿ ಮಗುವಿಗೆ 'ಅಜ್ಜಿ ಯಾವ ದೇಶದವಳು?' ಎಂದು ಬರೆದು ತರಲು ಹೇಳಿದ್ದಾರಲ್ಲ, ಅದಕ್ಕೆ ಉತ್ತರ ಹೊಳೆಯದೆ ಕೂತುಬಿಟ್ಟೆ. ಹುಟ್ಟಿದ್ದು ಜರ್ಮನಿಯಲ್ಲಿ. ಮದುವೆಯಾದ ಮೇಲೆ ನಮ್ಮನ್ನು ಆಳಿದವರು ಯಾರೋ ಹೊರಗಿನವರು. ಮೂವತ್ತೈದರಲ್ಲಿ ಓಟು ಹಾಕಿ ಮತ್ತೆ ಜರ್ಮನಿ. ಯುದ್ಧ ಮುಗಿದ ಮೇಲೆ ಫ್ರೆಂಚರ ಹಂಗು, ಅದರ ಮೇಲೆ ನಮ್ಮದೇ ಒಂದು ಬಾವುಟ. ಇಷ್ಟೆಲ್ಲ ಆದರೂ ನಾನು ಈ ಬೀದಿ ಬಿಟ್ಟು ಕದಲಿಲ್ಲ. ಮಗು ಏನಂತ ಬರೆಯಬೇಕು, ನೀನೇ ಹೇಳು.

ಕಳೆದ ಭಾನುವಾರ ಮತ್ತೆ ಓಟು ಹಾಕಿಸಿದರು. 'ಹೌದು' ಅಂದರೆ ನಮ್ಮ ಸಾರ್ ಸೀಮೆ ಯಾರಿಗೂ ಸೇರದೆ ಬೇರೆಯಾಗಿಯೇ ಉಳಿಯುತ್ತದೆ. 'ಇಲ್ಲ' ಅಂದರೆ ಜರ್ಮನಿಗೆ ಮರಳುವ ದಾರಿ. ಹಿಂದಿನ ದಿನ ನಿಮ್ಮಪ್ಪ ಗಣಿಯಿಂದ ಬಂದವರೇ ಮೇಕೆಯ ಕೊರಳಿಗೆ 'ಇಲ್ಲ' ಎಂದು ಬರೆದ ರಟ್ಟು ಕಟ್ಟಿದರು. ಸಂಜೆಯೊಳಗೆ ಮೇಕೆ ಅದನ್ನು ತಿಂದುಹಾಕಿತು. ಪಕ್ಕದ ಮನೆಯ ನಿನ್ನ ದೊಡ್ಡಪ್ಪ ಫಿಲಿಪ್ ಬೇಲಿಗೊರಗಿ ನಕ್ಕರು.

"ಯಾಕೋಬ, ನಿನಗಿಂತ ನಿನ್ನ ಮೇಕೆಗೇ ಬುದ್ಧಿ ಜಾಸ್ತಿ ಕಣೋ!"

"ನೀನು ಫ್ರೆಂಚರ ಬಾಲ ಹಿಡ್ಕೊಂಡು ಓಡಾಡು, ಹೋಗಯ್ಯ!"

"ಮೂವತ್ತೈದರಲ್ಲೂ ಬೇಡ ಅಂದೆ. ಜರ್ಮನಿ ಆಳ್ತಿರೋ ಆ ಮನುಷ್ಯ ಯುದ್ಧ ತರ್ತಾನೆ ಅಂದೆ. ಕೇಳಿದ್ಯಾ?"

ನಿಮ್ಮಪ್ಪ ಮೇಕೆಯನ್ನು ಎಳೆದುಕೊಂಡು ಒಳಗೆ ಹೋದರು. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ.

'ಇಲ್ಲ' ಗೆದ್ದಿತು. ನಿಮ್ಮಪ್ಪ ಅಂಗಳದಲ್ಲಿ ಮಾಂಸ ಸುಟ್ಟು ಬೀದಿಗೆಲ್ಲ ಹಂಚಿದರು, ಆ ಒಂದು ಮನೆ ಬಿಟ್ಟು. "ನಮ್ಮನೇದು ಎರಡು ಓಟೂ 'ಇಲ್ಲ'ಕ್ಕೇ! ಅಲ್ವೇನೇ, ಕತರೀನಾ?" ಎಂದರು. ನಾನು ತಲೆಯಾಡಿಸಿದೆ. ನನಗೆ ಖುಷಿಯೋ ಸಂಕಟವೋ ನನಗೇ ತಿಳಿಯುತ್ತಿಲ್ಲ. ಆಡುವ ಮಾತು, ಮಾಡುವ ಪ್ರಾರ್ಥನೆ ಎಲ್ಲ ಜರ್ಮನ್. ಆದರೆ ಮುಂದೆ ನಿಮ್ಮೂರ ದಾರಿಗೆ ಸುಂಕದ ಗೇಟು ಬೀಳುತ್ತದಂತೆ. ಮೊಮ್ಮಗಳಿಗೆ ಒಂದು ಕೇಕು ತರಲೂ ನಾನು ಯಾರನ್ನೋ ಕೇಳಬೇಕು.

ಬೆಚ್ಚಗಿರಿ. ಮಲಗುವ ಮುಂಚೆ ಮಗುವಿನ ಹಣೆಗೆ ನನ್ನ ಪರವಾಗಿ ಒಂದು ಶಿಲುಬೆಯ ಗುರುತು ಎಳೆ. ದೇವರು ನಿಮ್ಮನ್ನು ಕಾಯಲಿ.

ನಿನ್ನ
ಅಮ್ಮ

ಮರೆತು ಉಳಿದದ್ದಲ್ಲ, ಬರೆಯಲಾಗದೆ ಉಳಿದದ್ದು: ನಾನು 'ಇಲ್ಲ'ಕ್ಕೂ ಹಾಕಲಿಲ್ಲ, 'ಹೌದು'ಗೂ ಹಾಕಲಿಲ್ಲ. ಪೆನ್ಸಿಲ್ ಹಿಡಿದೆ, ಕೈ ಏಳಲಿಲ್ಲ. ಮೂವತ್ತೈದರ ಜನವರಿಯಲ್ಲಿ ನಿನ್ನ ತಮ್ಮ ಅಲ್ಫೋನ್ಸ್ ಈ ಕೈ ಹಿಡಿದುಕೊಂಡೇ ಓಟಿನ ಕೋಣೆಯ ಬಾಗಿಲವರೆಗೆ ಬಂದಿದ್ದ. ಒಳಗೆ ಹೋಗಿ ಇದೇ ಕೈಯಲ್ಲಿ ಜರ್ಮನಿಗೆ ಗುರುತು ಹಾಕಿದೆ. ಏಳು ವರ್ಷಕ್ಕೆ ಅದೇ ಜರ್ಮನಿ ಅವನನ್ನು ಸಿಪಾಯಿ ಮಾಡಿ ರಷ್ಯಕ್ಕೆ ಕರೆದೊಯ್ದಿತು, ವಾಪಸು ಕೊಡಲಿಲ್ಲ. ಈ ಸಲ ಚೀಟಿಯನ್ನು ಖಾಲಿಯೇ ಮಡಿಸಿ ಹಾಕಿದೆ. ಅಪ್ಪನಿಗೆ ಹೇಳಬೇಡ.

ಅಜ್ಜಿ ಅಲ್ಫೋನ್ಸನ ತಾಯಿ ಎಂದು ಬರೆಯಲು ಈವೆಟ್‌ಗೆ ಹೇಳು.