ಬಾಗಿಲು ತೆಗೆದದ್ದು ಹೌದು

ಜಿಲ್ಲೆಯ ಶಾಲಾ ಸುರಕ್ಷತಾ ನಿರ್ದೇಶಕರ ಕುರ್ಚಿಯಲ್ಲಿ ವಿರಾಜಮಾನರಾಗಿರುವ ಮಾನ್ಯರೇ,

ನಿಮ್ಮ ನೋಟೀಸು ತಲುಪಿತು. ವರ್ನಾ ಕ್ರೀಗಲ್ ಎಂಬ ನಾನು, ಅರವತ್ತಮೂರು ವರ್ಷದವಳು, ಕಾಟನ್‌ವುಡ್ ಬೆಂಡ್ ಪ್ರಾಥಮಿಕ ಶಾಲೆಯ ಅಡುಗೆಯವಳು, ಮಾರ್ಚ್ ತಿಂಗಳ ಎರಡನೇ ಮಂಗಳವಾರ ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತೊಂದು ನಿಮಿಷಕ್ಕೆ, ಬಂದೂಕುಧಾರಿಯ ಭಯಕ್ಕೆ ಎಲ್ಲ ಬಾಗಿಲು ಮುಚ್ಚಿ ಶಾಲೆ ಲಾಕ್‌ಡೌನ್‌ನಲ್ಲಿದ್ದಾಗ, "ಯಾವುದೇ ಕಾರಣಕ್ಕೂ ತೆರೆಯತಕ್ಕದ್ದಲ್ಲ" ಎಂದು ನೀವು ವಿಧಿಸಿದ್ದ ಬಾಗಿಲನ್ನು ತೆರೆದೆನೆಂಬುದು ನಿಮ್ಮ ಆರೋಪ. ಆರೋಪ ನಿಜ. ತೆರೆದೆ. ಆ ಬಾಗಿಲಿನ ಆಚೆ ಏಳು ವರ್ಷದ ಹುಡುಗಿಯೊಬ್ಬಳು ನಿಂತಿದ್ದಳು ಎಂಬ ಒಂದು ಸಣ್ಣ ವಿವರ ಮಾತ್ರ ನಿಮ್ಮ ನೋಟೀಸಿನಿಂದ ಬಿಟ್ಟುಹೋಗಿದೆ. ಮೂರು ಪುಟ ಬರೆದಿದ್ದೀರಿ. ಜಾಗ ಸಾಲದೆ ಹೋಗಿರಬೇಕು.

"ಇನ್ನು ಮುಂದೆ ಹೀಗೆ ಮಾಡುವುದಿಲ್ಲ" ಎಂದು ಹತ್ತು ದಿನದೊಳಗೆ ಮುಚ್ಚಳಿಕೆ ಬರೆದುಕೊಡಬೇಕು, ತಪ್ಪಿದರೆ ಶಾಲಾ ಮಂಡಳಿಯ ಮುಂದೆ ವಿಚಾರಣೆ ಎಂದಿದ್ದೀರಿ. ಉತ್ತರ ಗೋಪ್ಯವಾಗಿರಲಿ ಎಂದೂ ಸೂಚಿಸಿದ್ದೀರಿ. ಕ್ಷಮಿಸಿ, ಮೂವತ್ತೊಂದು ವರ್ಷದಿಂದ ಊಟದ ಸಾಲಿನಲ್ಲಿ ನಿಂತು ಬಡಿಸಿದವಳು ನಾನು. ಏನು ಬಡಿಸುವುದಿದ್ದರೂ ಎಲ್ಲರ ಎದುರಿಗೇ ಬಡಿಸಿ ಅಭ್ಯಾಸ. ನಮ್ಮೂರ ವಾರಪತ್ರಿಕೆಯವರು ದನಗಳ ಹರಾಜಿನ ಜಾಹೀರಾತಿನ ಪಕ್ಕ ಒಂದಿಷ್ಟು ಜಾಗ ಬಿಟ್ಟುಕೊಟ್ಟಿದ್ದಾರೆ. ಹಾಗಾಗಿ ಈ ಕಾಗದ.

ಆಗಸ್ಟಿನಲ್ಲಿ ನೀವು ನಮಗೆಲ್ಲ ತರಬೇತಿ ಕೊಟ್ಟದ್ದು ನೆನಪಿರಬಹುದು. ಗೋಡೆಯ ಮೇಲೆ ಚಿತ್ರ ಬಿಟ್ಟು, ಕೆಂಪು ದೀಪದ ಕಡ್ಡಿ ಆಡಿಸುತ್ತ, ಸಿಬ್ಬಂದಿಗೆ ನಿಯಮ ಓದಿಸಿದಿರಿ. ಯಾರು ತಟ್ಟಿದರೂ ತೆಗೆಯಬಾರದು. ಹೊರಗಿನಿಂದ ಮಗುವಿನ ಅಳು ಕೇಳಿಸಿದರೂ ತೆಗೆಯಬಾರದು. ಅದು ಬಂದೂಕು ಹಿಡಿದವನ ಮೋಸವಿರಬಹುದು. ನನ್ನ ಜೊತೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಲೊರೀನ್ ಹಿಂದಿನ ಸಾಲಿನಿಂದ ಕೈ ಎತ್ತಿದಳು.

"ಅಲ್ಲ ಸಾರ್, ಅದು ನಿಜವಾಗ್ಲೂ ಮಗುವೇ ಆಗಿದ್ರೆ?"

ನೀವು ನಕ್ಕು ಹೇಳಿದಿರಿ: "ಅಂಕಿಅಂಶ ನೋಡಿದ್ರೆ ಆಗಿರೋ ಸಾಧ್ಯತೆ ಬಹಳ ಕಮ್ಮಿ, ಮೇಡಂ."

ಆ ಬಹಳ ಕಮ್ಮಿ ಸಾಧ್ಯತೆಯ ಹೆಸರು ಇತ್ಸೆಲ್. ಎರಡನೇ ತರಗತಿ. ಅಪ್ಪ ಹೈವೇ ಪಕ್ಕದ ಮಾಂಸದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಮುಂದಿನ ಎರಡು ಹಲ್ಲು ಬಿದ್ದಿವೆ. ಬಟಾಣಿ ತಿನ್ನುವುದಿಲ್ಲ, ಆದರೆ ತಿಂದೆನೆಂದು ನನಗೆ ಸುಳ್ಳು ಹೇಳುವುದೂ ಇಲ್ಲ. ಎರಡನೆಯದು ನಮ್ಮ ಶಾಲೆಯಲ್ಲಿ ಅಪರೂಪ.

ಆ ಮಂಗಳವಾರ ಊಟಕ್ಕೆ ಚಿಲಿ ಎಂಬ ಬೀನ್ಸು ಹಾಕಿದ ಖಾರದ ಸಾರು ಮತ್ತು ದಾಲ್ಚಿನ್ನಿ ಸುರುಳಿ ಬನ್ನು. ನಮ್ಮ ನೆಬ್ರಾಸ್ಕಾ ರಾಜ್ಯದಲ್ಲಿ ಈ ಜೋಡಿ ಯಾಕೆಂದು ಕೇಳುವವನು ಹೊರಗಿನವನು. ಮುನ್ನೂರು ಬನ್ನು ಓವನ್‌ನಲ್ಲಿದ್ದವು. ಇತ್ಸೆಲ್‌ಳ ಟೀಚರು ಮಿಸ್ ಕುಚೇರಾ, ಎಂದಿನಂತೆ, ತಮ್ಮ ತರಗತಿಯಲ್ಲಿ ಎಷ್ಟು ಊಟ ಎಂಬ ಚೀಟಿ ಬರೆದು ಅವಳ ಕೈಗೆ ಕೊಟ್ಟು ಅಡುಗೆಮನೆಗೆ ಕಳಿಸಿದ್ದರು. ದಾರಿಯಲ್ಲಿ ಅವಳು ನೀರು ಕುಡಿಯಲು ನಿಂತಳು. ಅಷ್ಟರಲ್ಲಿ ಗಂಟೆ ಹೊಡೆಯಿತು, ಧ್ವನಿವರ್ಧಕ ಕೂಗಿತು, ಶಾಲೆಯ ಅಷ್ಟೂ ಬಾಗಿಲು ಒಂದರ ಹಿಂದೊಂದು ಧಡಧಡ ಮುಚ್ಚಿಕೊಂಡವು. ಯಾವನೋ ಎಲ್ಲಿಂದಲೋ ಪೊಲೀಸರಿಗೆ ಫೋನು ಮಾಡಿ, ಬಂದೂಕು ಹಿಡಿದ ಇಬ್ಬರು ಶಾಲೆಯೊಳಗಿದ್ದಾರೆ ಎಂದಿದ್ದ. ಅದು ಹಸೀ ಸುಳ್ಳೆಂದು ಮಧ್ಯಾಹ್ನ ಗೊತ್ತಾಯಿತು. ಬೆಳಿಗ್ಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ, ನಿಮಗೂ ಗೊತ್ತಿರಲಿಲ್ಲ. ಮುಂದಿನದನ್ನೆಲ್ಲ ದಯವಿಟ್ಟು ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

ನಾನೂ ಲೊರೀನೂ ನಿಮ್ಮ ಅಪ್ಪಣೆಯಂತೆ ದಿನಸಿ ಕೋಣೆಯೊಳಗೆ ಸೇರಿ, ದೀಪ ಆರಿಸಿ, ಹಿಟ್ಟಿನ ಮೂಟೆಗಳ ಹಿಂದೆ ಕೂತೆವು. ನನ್ನ ಕೈಯಲ್ಲಿ ಲಟ್ಟಣಿಗೆಯಿತ್ತು. ಧೈರ್ಯಕ್ಕಲ್ಲ, ಕೆಳಗಿಡಲು ಮರೆತಿದ್ದೆ. ಹತ್ತು ನಿಮಿಷವಾಗಿರಬಹುದು. ಅಡುಗೆಮನೆಯ ಕಬ್ಬಿಣದ ಬಾಗಿಲು ತಟ್ಟುವ ಸದ್ದು.

ಲೊರೀನ್ ನನ್ನ ಏಪ್ರನ್ ಹಿಡಿದುಕೊಂಡಳು. "ಬೇಡ ಕಣೇ ವರ್ನಾ. ತೆಗೀಬಾರ್ದು ಅಂದಿದ್ದಾರೆ. ಸಾಯ್ತೀವಿ."

"ಸುಮ್ನಿರು. ಕೇಳಿಸ್ಕೋ."

"ಏನು ಕೇಳಿಸ್ಕೊಳ್ಳೋದು? ತಟ್ತಾ ಇದ್ದಾರೆ!"

"ಎಲ್ಲಿ ತಟ್ತಾ ಇದ್ದಾರೆ ಕೇಳು. ಕೆಳಗೆ, ಕಣೇ. ಹಿಡಿಗಿಂತ ಕೆಳಗೆ."

ಮಾನ್ಯರೇ, ಮೂವತ್ತೊಂದು ವರ್ಷ ಆ ಬಾಗಿಲನ್ನು ಮಕ್ಕಳು ತಟ್ಟುವುದು ಕೇಳಿದ್ದೇನೆ. ದೊಡ್ಡವರು ತಟ್ಟಿದರೆ ಸದ್ದು ಎದೆಯ ಮಟ್ಟದಿಂದ ಬರುತ್ತದೆ. ಇದು ಸೊಂಟದ ಮಟ್ಟದಿಂದ ಬರುತ್ತಿತ್ತು. ಕೊಲ್ಲಲು ಬಂದವನು ಮಂಡಿಯೂರಿ, ಅಂಗೈಯಿಂದ, ಮೂರು ಸಲ ತಟ್ಟಿ, ನಿಂತು, ಮತ್ತೆ ಮೂರು ಸಲ ತಟ್ಟುತ್ತಾನೆಯೇ? ಇಷ್ಟೆಲ್ಲ ತರ್ಕ ನಾನು ಅಲ್ಲೇ ಮಾಡಿದೆನೆಂದರೆ ಸುಳ್ಳಾಗುತ್ತದೆ. ಎದ್ದೆ, ನಡೆದೆ, ತೆಗೆದೆ. ಅವಳ ತೋಳು ಹಿಡಿದು ಒಳಗೆಳೆದುಕೊಂಡು ಮತ್ತೆ ಚಿಲಕ ಹಾಕಿದೆ. ಆ ಗಡಿಬಿಡಿಯಲ್ಲಿ ಓವನ್ ಆರಿಸಲು ಮರೆತೆ. ಅದಕ್ಕೆ ಬೇಕಾದರೆ ನೋಟೀಸು ಕೊಡಿ, ಇವತ್ತೇ ಸಹಿ ಹಾಕುತ್ತೇನೆ.

ದಿನಸಿ ಕೋಣೆಯಲ್ಲಿ ಅವಳು ಅಳಲಿಲ್ಲ. ಮುದ್ದೆಯಾಗಿ ಒದ್ದೆಯಾಗಿದ್ದ ಚೀಟಿಯನ್ನು ನನ್ನ ಕೈಗಿಟ್ಟು ಪಿಸುಗುಟ್ಟಿದಳು: "ವರ್ನಾ ಅಜ್ಜಿ, ನಮ್ ಕ್ಲಾಸಿಂದ ಹತ್ತೊಂಬತ್ತು ಊಟ. ಇಬ್ಬರಿಗೆ ಹಾಲು ಬೇಡ."

ಎಷ್ಟೋ ಹೊತ್ತಿನ ಮೇಲೆ ಲೊರೀನ್ ಅವಳ ಕಿವಿಯಲ್ಲಿ ಕೇಳಿದಳು, "ಪುಟ್ಟೀ, ನೇರ ಇಲ್ಲಿಗೇ ಬಂದ್ಯಾ?" ಅವಳು ಇಲ್ಲವೆಂದು ತಲೆಯಾಡಿಸಿದಳು. ಮೊದಲು ತನ್ನ ತರಗತಿಗೆ ಓಡಿದ್ದಳು. ಆಮೇಲೆ ಪಕ್ಕದ್ದಕ್ಕೆ. ಆಮೇಲೆ ಗ್ರಂಥಾಲಯಕ್ಕೆ. ಹೀಗೆ ಆರು ಬಾಗಿಲು ತಟ್ಟಿದ್ದಳು. ಆ ಆರೂ ಬಾಗಿಲುಗಳ ಹಿಂದೆ ಉಸಿರು ಬಿಗಿಹಿಡಿದು ಕೂತವರು ಕೆಟ್ಟವರಲ್ಲ ಮಾನ್ಯರೇ. ನಿಮ್ಮ ಮಾತು ಕೇಳಿದವರು.

ಈಗ ಹೊರಗಿನ ಸಮಾಚಾರಕ್ಕೆ ಬರೋಣ. ಮೊದಲ ಪೊಲೀಸ್ ಕಾರು ಬಂದದ್ದು ಕರೆ ಬಂದ ಆರೇ ನಿಮಿಷಕ್ಕೆ. ಮೆಚ್ಚಲೇಬೇಕು. ಆಮೇಲೆ ಇನ್ನೂ ಎಂಟು ಕಾರು ಬಂದವು. ನೀವೂ ಬಂದಿರಿ. ಬಂದು, ಎಲ್ಲರೂ ಸೇರಿ, ಕಾರುಗಳ ಹಿಂದೆ ನಿಂತಿರಿ. ನಿಮ್ಮದೇ ವರದಿಯ ಪ್ರಕಾರ ಮೂವತ್ತೆಂಟು ನಿಮಿಷ "ಪರಿಸ್ಥಿತಿಯ ಅವಲೋಕನ" ನಡೆಯಿತು. ಪಕ್ಕದ ಜಿಲ್ಲೆಯ ಕವಚದ ಗಾಡಿಗಾಗಿ ಕಾದಿರಿ. ಅದು ಬಂತು, ಯುದ್ಧಕ್ಕೆ ಹೊರಟಂತೆ ಆಟದ ಮೈದಾನಕ್ಕೆ ನುಗ್ಗಿತು, ಹಿಮ ಕರಗಿದ ಕೆಸರಿನಲ್ಲಿ ಅಚ್ಚುಮಟ್ಟಾಗಿ ಹೂತುಕೊಂಡಿತು. ಕೊನೆಗೆ ಅದನ್ನೆಳೆಯಲು ಪಕ್ಕದ ಹೊಲದವನು ಟ್ರ್ಯಾಕ್ಟರು ತಂದ. ಅವನ ಮೈಮೇಲೆ ಗುಂಡು ತಡೆಯುವ ಅಂಗಿಯಿರಲಿಲ್ಲ, ಬರೀ ಅಂಗಿ. ಇಡೀ ಕಾರ್ಯಾಚರಣೆಯಲ್ಲಿ ಶಾಲೆಯ ಕಿಟಕಿಗಳಿಗೆ ಬೆನ್ನು ಕೊಟ್ಟು ನಿಂತು ಕೆಲಸ ಮಾಡಿದವನು ಅವನೊಬ್ಬನೇ ಎಂದು ನೋಡಿದವರು ಹೇಳುತ್ತಾರೆ.

ನಗುವ ಮಾತಲ್ಲ, ಗೊತ್ತು. ಆದರೆ ಒಂದು ಮಾತು ಬಿಡಿಸಿ ಹೇಳಿ. ಒಳಗೆ ಅಪಾಯವಿದೆ, ಆದ್ದರಿಂದ ಬಾಗಿಲು ತೆಗೆಯಬೇಡಿ ಎಂದು ನಮಗೆ ಹೇಳಿದಿರಿ. ಒಳಗೆ ಅಪಾಯವಿದೆ, ಆದ್ದರಿಂದ ನಾವು ಒಳಗೆ ಹೋಗುವುದಿಲ್ಲ ಎಂದು ನೀವು ನಿಂತಿರಿ. ಹಾಗಾದರೆ ಆ ಎರಡರ ನಡುವೆ, ಹಜಾರದಲ್ಲಿ, ಚೀಟಿ ಹಿಡಿದು ನಿಂತ ಮಗು ಯಾರ ಪಾಲಿಗೆ? ನಿಮ್ಮ ನಿಯಮ ಮೂರ್ಖತನದ್ದೆಂದು ನಾನು ಹೇಳುವುದಿಲ್ಲ. ಒಂದು ಬಾಗಿಲು ಗಟ್ಟಿಯಾಗಿ ಮುಚ್ಚಿದ್ದಕ್ಕೆ ಒಂದಿಡೀ ತರಗತಿ ಉಳಿದ ಉದಾಹರಣೆಗಳಿವೆ, ನೀವೇ ತೋರಿಸಿದಿರಿ. ಆದರೆ ಆ ನಿಯಮ ನಡೆಯಬೇಕಾದರೆ ಕೋವಿ, ಕವಚ, ಸಂಬಳ ಮೂರೂ ಇರುವವರು ಬೇಗ ಒಳಗೆ ಬರಬೇಕಲ್ಲವೇ? ಲಟ್ಟಣಿಗೆ ಹಿಡಿದವಳು ಹಜಾರದ ಬಾಗಿಲಿಗೆ ಹೋದದ್ದು ತಪ್ಪಾದರೆ, ಕೋವಿ ಹಿಡಿದವರು ಹೋಗದೆ ಇದ್ದದ್ದಕ್ಕೆ ಏನೆನ್ನಬೇಕು? ನಿಮ್ಮ ವರದಿ ಅದನ್ನು ಸಂಯಮ ಎಂದು ಕರೆದಿದೆ.

ಕೊನೆಗೂ ಒಳಗೆ ಬಂದಿರಲ್ಲ, ಅದಕ್ಕೆ ಕಾರಣ ನನ್ನ ಬನ್ನುಗಳು. ಮುನ್ನೂರೂ ಕರಿಕಲಾಗಿ ಹೊಗೆ ಎದ್ದಿತ್ತು. "ಕಟ್ಟಡದ ಪೂರ್ವ ಭಾಗದಲ್ಲಿ ಸಂಶಯಾಸ್ಪದ ಹೊಗೆ ಕಂಡುಬಂದಿತು" ಎಂದು ನಿಮ್ಮ ವರದಿಯಲ್ಲಿದೆ. ದಾಲ್ಚಿನ್ನಿಯ ವಾಸನೆಯ ಬಗ್ಗೆ ಉಲ್ಲೇಖವಿಲ್ಲ. ದಿನಸಿ ಕೋಣೆಯ ಬಾಗಿಲನ್ನು ಒದ್ದು ತೆರೆದ ಪೊಲೀಸಿನವನು ಕೋಲ್ಟನ್. ನನ್ನ ಕೈಯಲ್ಲೇ ಆರು ವರ್ಷ ಉಂಡವನು.

"ಕೈ ಮೇಲೆ! ಕೈ ಮೇಲೆತ್ತಿ!"

"ಎತ್ತಿದ್ರೆ ಮಗು ಬೀಳತ್ತೆ ಕಣೋ. ಮೊದ್ಲು ಆ ಕೋವಿ ಕೆಳಗಿಳಿಸು."

"ವರ್ನಾ ಅಜ್ಜಿ?"

"ಮತ್ತಿನ್ಯಾರು? ಹೋಗಿ ಓವನ್ ಆರ್ಸು."

ಆರಿಸಿದ. ಆ ದಿನ ಶಾಲೆಯಲ್ಲಿ ಪೊಲೀಸರು ನಿವಾರಿಸಿದ ಏಕೈಕ ಅಪಾಯ ಅದು. ಕೋಲ್ಟನ್‌ನನ್ನು ನಾನು ಹಂಗಿಸುತ್ತಿಲ್ಲ. ಒಳಗೆ ಹೋಗಲು ಬಿಡಿ ಎಂದು ಅವನು ಹೊರಗೆ ಎರಡು ಸಲ ಕೇಳಿದ್ದನಂತೆ, ನಿಲ್ಲು ಎಂದರಂತೆ. ಹಾಗೆಂದವರು ಯಾರೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಇಲ್ಲಿಗೆ ಮುಗಿದಿದ್ದರೆ ನಾನು ಬೈದುಕೊಂಡು, ಮುಚ್ಚಳಿಕೆಯ ಹಾಳೆಯ ಮೇಲೆ ಹಿಟ್ಟು ಹರಡಿ ಸುಮ್ಮನಾಗುತ್ತಿದ್ದೆ. ಮುಗಿಯಲಿಲ್ಲ.

ಇತ್ಸೆಲ್ ಒಂದು ವಾರ ಶಾಲೆಗೆ ಬರಲಿಲ್ಲ. ಬಂದ ಮೇಲೆ ತರಗತಿಗೆ ಹೋಗಲಿಲ್ಲ. ಬೆಳಿಗ್ಗೆ ಬಂದವಳೇ ಅಡುಗೆಮನೆಗೆ ಬಂದು, ಹಾಲಿನ ಕ್ರೇಟು ಬೋರಲು ಹಾಕಿಕೊಂಡು ಕೂರುತ್ತಿದ್ದಳು. ಮುಖ್ಯೋಪಾಧ್ಯಾಯರು ಎರಡು ದಿನ ನೋಡಿಯೂ ನೋಡದಂತಿದ್ದರು. ಮೂರನೇ ದಿನ ಮಿಸ್ ಕುಚೇರಾ ಬಂದರು. ಇಪ್ಪತ್ತನಾಲ್ಕರ ಹುಡುಗಿ, ಕೆಲಸಕ್ಕೆ ಸೇರಿ ಎರಡನೇ ವರ್ಷ. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ನೆಲದ ಮೇಲೇ ಕೂತರು, ಕ್ರೇಟಿನ ಎದುರಿಗೆ. ನಾನು ಈರುಳ್ಳಿ ಹೆಚ್ಚುತ್ತಿದ್ದೆ, ಕೈ ನಿಲ್ಲಿಸಲಿಲ್ಲ.

ಇತ್ಸೆಲ್ಲೇ ಮೊದಲು ಮಾತಾಡಿದ್ದು. "ಮಿಸ್, ನಾನು ತಟ್ಟಿದ್ದು ನಿಮಗೆ ಕೇಳಿಸ್ಲಿಲ್ವಾ?"

ಇಲ್ಲ ಎಂದಿದ್ದರೆ ಆಗಿಹೋಗುತ್ತಿತ್ತು. ನಾನಾಗಿದ್ದರೆ ಖಂಡಿತ ಹಾಗೇ ಅನ್ನುತ್ತಿದ್ದೆ.

"ಕೇಳಿಸ್ತು."

"ನಾನೇ ಅಂತ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು, ಪುಟ್ಟಾ. ನೀನು ನನ್ನ ಹೆಸರು ಹಿಡಿದು ಕೂಗಿದೆ."

"ಮತ್ತೆ?"

ಆ ಹೊತ್ತು ಮಿಸ್ ಕುಚೇರಾ ಅವರ ಒಂದು ಕೈ ಚಿಲಕದ ಮೇಲಿತ್ತಂತೆ, ಬೆನ್ನ ಹಿಂದೆ ಹದಿನೆಂಟು ಮಕ್ಕಳಿದ್ದರಂತೆ. ಅದನ್ನು ಅವರು ನನಗೆ ಹೇಳಿದ್ದು ಆಮೇಲೆ. ಆ ಮಗುವಿಗೆ ಹೇಳಲಾಗಲಿಲ್ಲ. ಇತ್ಸೆಲ್ ತಲೆ ತಗ್ಗಿಸಿ, ತನ್ನ ಬೂಟಿಗೆ ಹೇಳುವಂತೆ ಹೇಳಿದಳು: "ತಟ್ಟಬಾರ್ದು ಅಂತ ನಂಗೂ ರೂಲ್ ಗೊತ್ತಿತ್ತು, ಮಿಸ್. ಆದ್ರೂ ತಟ್ದೆ. ಸಾರಿ."

ಈರುಳ್ಳಿಯ ನೆಪವಿತ್ತು, ನಾನು ಬಚಾವಾದೆ. ಮಿಸ್ ಕುಚೇರಾಗೆ ಯಾವ ನೆಪವೂ ಇರಲಿಲ್ಲ.

ಅದೇ ವಾರ ನಿಮ್ಮ ಕಚೇರಿಯಿಂದ ಎರಡು ಲಕೋಟೆ ಬಂದವು. ನನ್ನದರಲ್ಲಿ ನೋಟೀಸು. ಅವರದರಲ್ಲಿ ಪ್ರಶಂಸಾಪತ್ರ: "ಒತ್ತಡದ ಸಂದರ್ಭದಲ್ಲೂ ನಿಯಮವನ್ನು ಆದರ್ಶಪ್ರಾಯವಾಗಿ ಪಾಲಿಸಿದ್ದಕ್ಕಾಗಿ." ಬಂಗಾರದ ಅಂಚು, ಕೆಳಗೆ ನಿಮ್ಮ ಸಹಿ. ಅವರು ಅದನ್ನು ಅಡುಗೆಮನೆಗೆ ತಂದು ನನ್ನ ಮುಂದೆ ಹಿಡಿದು ಕೇಳಿದರು, "ವರ್ನಾ, ಇದನ್ನ ನಾನು ಏನ್ ಮಾಡ್ಲಿ ಹೇಳಿ?" ಹರಿದು ಹಾಕಿ ಎಂದೆ. "ಹರಿದ್ರೆ ಹೋಗಲ್ಲ," ಎಂದರು. ಮೇ ತಿಂಗಳ ಕೊನೆಗೆ ಕೆಲಸ ಬಿಡುತ್ತೇನೆಂದು ಈಗಾಗಲೇ ಬರೆದುಕೊಟ್ಟಿದ್ದಾರೆ. ನೀವು ಕಾಪಾಡಿದೆವೆಂದುಕೊಂಡಿರುವ ಶಾಲೆಯಿಂದ ಒಳ್ಳೆಯ ಟೀಚರೊಬ್ಬರು ಹೀಗೆ, ಒಂದು ಗುಂಡೂ ಹಾರದೆ, ಹೋಗುತ್ತಿದ್ದಾರೆ.

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆ. ನನ್ನ ನೋಟೀಸು ಹಿಂತೆಗೆದುಕೊಳ್ಳಿ ಎಂದು ನಾನು ಕೇಳುವುದಿಲ್ಲ. ಇಟ್ಟುಕೊಂಡಿರಿ. ಮುಚ್ಚಳಿಕೆ ನಾನು ಬರೆದುಕೊಡುವುದಿಲ್ಲ, ವಿಚಾರಣೆಗೆ ಬರುತ್ತೇನೆ, ಮಂಡಳಿಯ ಅರ್ಧ ಮಂದಿ ನನ್ನ ಸೌಟಿನಿಂದಲೇ ಬೆಳೆದವರು. ನೀವು ಹಿಂತೆಗೆದುಕೊಳ್ಳಬೇಕಾದದ್ದು ಆ ಪ್ರಶಂಸಾಪತ್ರವನ್ನು. ಅಂಚೆಯಲ್ಲಿ ಅಲ್ಲ, ನೀವೇ ಬನ್ನಿ. ಮಿಸ್ ಕುಚೇರಾ ಎದುರಿಗೆ ನಿಂತು, "ನಿಯಮ ನನ್ನದು, ತಡ ಮಾಡಿದ್ದೂ ನಾನೇ, ನಿಮ್ಮ ತಪ್ಪಿಲ್ಲ" ಎಂದು ಹೇಳಿ ಅದನ್ನು ಅವರ ಕೈಯಿಂದ ಇಸಿದುಕೊಳ್ಳಿ. ಆಮೇಲೆ ಹಾಲಿನ ಕ್ರೇಟಿನ ಮುಂದೆ ಕೂತು, "ಮತ್ತೆ?" ಎಂಬ ಪ್ರಶ್ನೆಗೆ ಉತ್ತರ ಕೊಡಿ. ಅಂಕಿಅಂಶ ತರಬೇಡಿ, ಅವಳಿಗೆ ಇನ್ನೂ ಕೂಡುವ ಲೆಕ್ಕವಷ್ಟೇ ಬರುತ್ತದೆ. ಉತ್ತರ ಹೊಳೆಯದಿದ್ದರೆ ಕೊನೇಪಕ್ಷ ಕ್ಷಮೆಯನ್ನಾದರೂ ಕೇಳಿ. ಈ ಇಡೀ ಪ್ರಕರಣದಲ್ಲಿ ಈವರೆಗೆ ಕ್ಷಮೆ ಕೇಳಿದ್ದು ಅವಳೊಬ್ಬಳೇ.

ಇಂತಿ, ತಿದ್ದಿಕೊಳ್ಳುವ ಲಕ್ಷಣವಿಲ್ಲದ ತಪ್ಪಿತಸ್ಥೆ,
ವರ್ನಾ ಕ್ರೀಗಲ್
ಪ್ರಾಥಮಿಕ ಶಾಲೆಯ ಅಡುಗೆಮನೆ, ಕಾಟನ್‌ವುಡ್ ಬೆಂಡ್